ಉಳಿದ ಎರಡು ಗಂಟು

ಪನ್ನೀರ್ ದ್ರಾಕ್ಷಿಯ ವಾಸನೆ ಮುಚ್ಚಿಟ್ಟರೆ ನಿಲ್ಲುವಂಥದ್ದಲ್ಲ. ಮೊನ್ನೆ ತೇನಿ ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿ ಕಂಡ ಮಗಳು ಹಟ ಹಿಡಿದು ಒಂದು ಕಿಲೋ ಕೊಡಿಸಿಕೊಂಡಳು. ಮನೆಗೆ ಬಂದು ಪಾತ್ರೆಗೆ ಸುರಿದದ್ದೇ ತಡ, ಅಡುಗೆಮನೆ, ನಡುಮನೆ, ಎಲ್ಲಾ ಕಡೆ ಅದೇ ವಾಸನೆ. ಕಂಬಂ ಕಣಿವೆಯಲ್ಲಿ ವರ್ಷವಿಡೀ ಬಿಡುವ ಹಣ್ಣು ಇದು. ನಮ್ಮ ಮನೆಯೊಳಗೆ ಮಾತ್ರ ಬರುವುದಿಲ್ಲ. ಬೇಡ ಅಂತ ಯಾರೂ ಹೇಳಿಲ್ಲ. ನಾನು ತರುವುದಿಲ್ಲ, ನಮ್ಮ ಮನೆಯವರು ಕೇಳುವುದಿಲ್ಲ. ಆವತ್ತು ಇವರು ಓದುತ್ತಿದ್ದ ಪೇಪರ್ ಮಡಚಿ ಎದ್ದು ಜಗುಲಿಗೆ ಹೋದರು. ನಾನು ನಲ್ಲಿ ತಿರುಗಿಸಿ ಹಣ್ಣು ತೊಳೆಯುತ್ತಾ ನಿಂತೆ…

ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಸ್ವಂತ ಅಕ್ಕ ಅಲ್ಲ. ಚೆನ್ನೈಗೆ ಕೆಲಸಕ್ಕೆ ಹೋದ ಹೊಸತರಲ್ಲಿ, ವೇಳಚ್ಚೇರಿಯ ಒಂದು ಹೆಂಗಸರ ಹಾಸ್ಟೆಲಿನಲ್ಲಿ, ನನ್ನ ಕೋಣೆಯಲ್ಲಿದ್ದವಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಕುಳ್ಳಗೆ, ಚುರುಕಾಗಿ, ಬಟ್ಟೆ ಒಗೆಯುವಾಗಲೂ ಏನಾದರೊಂದು ಗುನುಗುವವಳು. ನಾನು ಪೆಟ್ಟಿಗೆ ಇಳಿಸಿ ಮನೆಗೆ ಫೋನ್ ಮಾಡಿ ಅವ್ವನ ಜೊತೆ ಮಾತಾಡುತ್ತಿದ್ದೆ. ನಮ್ಮ ಮನೆಮಾತು ಕೇಳಿ ಅವಳು ಮಂಚದಿಂದ ಎದ್ದು ಕೂತಳು. ಫೋನ್ ಇಡುವುದನ್ನೇ ಕಾಯುತ್ತಿದ್ದವಳ ಹಾಗೆ ಕೇಳಿದಳು. "ಏ ಪುಳ್ಳೆ, ಯಾವೂರು ನೀ? ಏನ್ ಕುಲ?" ಪುಳ್ಳೆ ಅಂದರೆ ನಮ್ಮಲ್ಲಿ ಹುಡುಗಿ.

ಕರ್ನಾಟಕ ಕಾಣದೆ ಎಷ್ಟೋ ತಲೆಮಾರಾದ ಕನ್ನಡದವರು ನಾವು. ನಮ್ಮವರು ಇಬ್ಬರು ಎಲ್ಲೇ ಸಿಕ್ಕಲಿ, ಮೊದಲು ಕೇಳುವುದು ಊರು, ಆಮೇಲೆ ಕುಲ. ಹೆಸರು ನಿಧಾನಕ್ಕೆ. ಕುಲ ಒಂದೇ ಆದರೆ ಪಂಗಾಳಿ, ಅಂದರೆ ದಾಯಾದಿ. ಎಂದೋ ಹರಿದು ಹಂಚಿಹೋದ ನಂಟಾದರೂ ಅವರು ಅಣ್ಣ ತಂಗಿಯೇ. ಕುಲ ಬೇರೆಯಾದರೆ ಗಂಡಸು ಮಾವ, ಹೆಂಗಸು ಮದಿನಿ, ಅಂದರೆ ಅತ್ತಿಗೆಯೋ ನಾದಿನಿಯೋ, ಮದುವೆಗೆ ಅಡ್ಡಿಯಿಲ್ಲ. ಇದಕ್ಕೆ ಮುರೆ ಅನ್ನುತ್ತೇವೆ. ಮುರೆ ತಿಳಿಯದೆ ಒಬ್ಬರನ್ನೊಬ್ಬರು ಏನಂತ ಕರೆಯುವುದು? ನನ್ನ ಕುಲ ಬೇರೆ, ಹನುಮಂತನಪಟ್ಟಿಯ ಅವಳ ಕುಲ ಬೇರೆ. ಲೆಕ್ಕಕ್ಕೆ ಅವಳು ನನಗೆ ಮದಿನಿ ಆಗಬೇಕು. ಅವಳು ನಕ್ಕುಬಿಟ್ಟಳು. "ಮದಿನಿ ಅಂದ್ರೆ ಮುದಿ ಕೆಳವಿ ಆದಂಗಿರ್ತದೆ. ಅಕ್ಕ ಅನ್ನು, ಸಾಕು." ಅಂದಿನಿಂದ ಅಕ್ಕ.

ಆ ಹಾಸ್ಟೆಲಿನಲ್ಲಿ ಪ್ರೀತಿ ಇಲ್ಲದವರನ್ನು ಹುಡುಕಬೇಕಿತ್ತು. ಎದುರು ಕೋಣೆಯವಳಿಗೆ ಎರಡು ಫೋನು, ಒಂದೊಂದಕ್ಕೆ ಒಬ್ಬೊಬ್ಬ. ಮೂಲೆ ಕೋಣೆಯವಳನ್ನು ಬಿಟ್ಟವನು ಅವಳ ಗೆಳತಿಯ ಬೆನ್ನು ಹತ್ತಿದ್ದ, ಆ ಗೆಳತಿ ತನ್ನ ಆಫೀಸಿನ ಮದುವೆಯಾದವನಿಗಾಗಿ ಅಳುತ್ತಿದ್ದಳು. ಸಾಲುಗಟ್ಟಿ ಸ್ನಾನಕ್ಕೆ ನಿಂತಾಗ ಯಾರ ಕಣ್ಣು ಊದಿದೆ ಅಂತ ನೋಡಿದರೆ ವಾರದ ಸುದ್ದಿ ಗೊತ್ತಾಗುತ್ತಿತ್ತು. ನಾವಿಬ್ಬರೂ ನಮ್ಮ ಮಾತಿನಲ್ಲಿ ಎಲ್ಲರನ್ನೂ ಆಡಿಕೊಂಡು ನಗುತ್ತಿದ್ದೆವು. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಈ ಸಿಕ್ಕು ನಮಗಿಲ್ಲ ಅನ್ನೋ ಹಮ್ಮು ನನಗೆ ಬಹಳವಿತ್ತು.

ಭಾನುವಾರ ಅವಳನ್ನು ನೋಡಲು ಒಬ್ಬರು ಬರುತ್ತಿದ್ದರು. ಕಂಬಂ ಕಡೆಯವರು, ಗಿಂಡಿಯಲ್ಲಿ ಕೆಲಸ. ಹಾಸ್ಟೆಲಿನ ಒಳಗೆ ಅಪ್ಪ, ಅಣ್ಣ, ತಮ್ಮ ಬಿಟ್ಟರೆ ಬೇರೆ ಗಂಡಸರನ್ನು ಬಿಡುತ್ತಿರಲಿಲ್ಲ. ಅವಳು ಬಂದುಹೋಗುವವರ ಪುಸ್ತಕದಲ್ಲಿ ಅಣ್ಣ ಅಂತ ಬರೆಸಿದ್ದಳು. ಸುಳ್ಳೇನೂ ಅಲ್ಲ, ಇಬ್ಬರದೂ ಒಂದೇ ಕುಲ. ಊರಿಗೆ ಹೋದಾಗಲೆಲ್ಲ ಅವರು ಅವಳ ಅವ್ವ ಕೊಟ್ಟ ಪನ್ನೀರ್ ದ್ರಾಕ್ಷಿಯ ಪೆಟ್ಟಿಗೆ ತರುತ್ತಿದ್ದರು. ಕಂಬಂನಿಂದ ಚೆನ್ನೈವರೆಗೆ ಬಸ್ಸಿನಲ್ಲಿ ಕುಲುಕಿ, ಅಡಿಯ ಹಣ್ಣೆಲ್ಲ ಒಡೆದು, ಪೆಟ್ಟಿಗೆಯ ರಟ್ಟು ನೇರಳೆಯಾಗಿರುತ್ತಿತ್ತು. ಮುಂದಿನ ಕೋಣೆಯಲ್ಲಿ ಕೂತು ಮೂವರೂ ತಿನ್ನುತ್ತಿದ್ದೆವು. ಆ ಅಣ್ಣನೇ ಈಗ ನಮ್ಮ ಮನೆಯವರು.

ಸಂಜೆ ಬೆಸೆಂಟ್ ನಗರದ ಕಡಲತೀರಕ್ಕೆ ಹೋಗುವಾಗ ಅಕ್ಕ ನನ್ನನ್ನು ಬಿಟ್ಟು ಹೋಗುತ್ತಲೇ ಇರಲಿಲ್ಲ. ತಲೆನೋವು ಅಂದರೂ ಎಬ್ಬಿಸುತ್ತಿದ್ದಳು. ಮರಳಿನ ಮೇಲೆ ನನ್ನನ್ನು ನಡುವೆ ಕೂರಿಸುತ್ತಿದ್ದಳು. ನಾನು ಇದಕ್ಕೆಲ್ಲ ಒಂದು ಅರ್ಥ ಕಟ್ಟಿಕೊಂಡೆ. ತನ್ನ ಅಣ್ಣನಿಗೆ ನನ್ನನ್ನು ತೋರಿಸುತ್ತಿದ್ದಾಳೆ, ಬೇರೆ ಕುಲ, ಮುರೆಗೆ ಸರಿ, ಇನ್ನೇನು ಬೇಕು… ಇಪ್ಪತ್ತೆರಡು ವರ್ಷದವಳಿಗೆ ಇಷ್ಟು ಸಾಕು. ಊರಿನವರು ಯಾರಾದರೂ ಕಂಡರೆ ಇಬ್ಬರಲ್ಲ, ಮೂವರು ಕಾಣಲಿ ಅಂತ ಅವಳು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಳು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಈಗ ಯೋಚಿಸಿದರೆ ನನ್ನ ಮೇಲೆಯೇ ಬೇಸರವಾಗುತ್ತದೆ. ಮದಿನಿಯಾಗಬೇಕಾದವಳನ್ನು ನಾನೇ ದಿನವೂ ಅಕ್ಕ ಅಂತ ಕರೆಯುತ್ತಿದ್ದೆ. ಕರೆಯುವುದು ಒಂದು, ಇರುವುದು ಇನ್ನೊಂದು ಅಂತ ನನ್ನ ಬಾಯಿಗೇ ಗೊತ್ತಿತ್ತು. ಅವಳು ಅಣ್ಣ ಅಂದದ್ದನ್ನು ಮಾತ್ರ ಕಲ್ಲಿನಲ್ಲಿ ಕೆತ್ತಿದ್ದು ಅಂದುಕೊಂಡೆ. ನಮ್ಮವರಲ್ಲದ ಯಾವ ಹುಡುಗಿಯಾದರೂ ಒಂದೇ ವಾರದಲ್ಲಿ ಅನುಮಾನ ಪಡುತ್ತಿದ್ದಳು.

ಒಂದು ಬೆಳಿಗ್ಗೆ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದೆವು. ಅವಳ ಬಾಯಲ್ಲಿ ಎರಡು ಕ್ಲಿಪ್ಪು ಇದ್ದವು. ನಾನು ಮೂರು ದಿನದಿಂದ ಬಾಯಿಪಾಠ ಮಾಡಿದ್ದನ್ನು ಹೇಳಿಬಿಟ್ಟೆ. "ಅಕ್ಕ, ನಿಮ್ಮಣ್ಣನ್ನ ನನಗೆ ಕೇಳಿ ನೋಡ್ತೀಯಾ?" ಅವಳು ಒದ್ದೆ ದುಪಟ್ಟಾದ ತುದಿ ಹಿಡಿದು ಹಾಗೇ ನಿಂತಳು. ನೀರು ಅವಳ ಪಾದದ ಮೇಲೆ ಇಳಿಯುತ್ತಿತ್ತು. ಆಮೇಲೆ ಬಾಯಿಂದ ಕ್ಲಿಪ್ಪು ತೆಗೆದು ಒಂದೊಂದಾಗಿ ತಂತಿಗೆ ಹಾಕಿದಳು. "ಮುರೆ ಸರಿಯಾಗೇ ಅದೆ ಅಲ್ವಾ" ಅಂದಳು. "ನಾ ಕೇಳ್ತೀನಿ ಪುಳ್ಳೆ." ನಾನು ಸಂತೋಷದಲ್ಲಿ ಬಕೆಟ್ ಎತ್ತಿಕೊಂಡು ಇಳಿದೆ. ಅವಳು ಮೇಲೆಯೇ ಉಳಿದಳು, ಬಿಸಿಲು ಒಗ್ಗುವುದಿಲ್ಲ ಅನ್ನುತ್ತಿದ್ದವಳು.

ಎರಡು ತಿಂಗಳಲ್ಲಿ ಹಿರಿಯರು ಮಾತಾಡಿ ಮುಗಿಸಿದರು. ಮದುವೆ ಕಂಬಂನ ಒಂದು ಮಂಟಪದಲ್ಲಿ. ನಮ್ಮ ಕಡೆ ತಾಳಿಯ ಮೊದಲ ಗಂಟನ್ನಷ್ಟೇ ಗಂಡು ಹಾಕುತ್ತಾನೆ, ಉಳಿದ ಎರಡನ್ನು ಗಂಡಿನ ಅಕ್ಕನೋ ತಂಗಿಯೋ ಹಿಂದೆ ನಿಂತು ಹಾಕಬೇಕು. ಇವರಿಗೆ ಒಡಹುಟ್ಟಿದ ಹೆಣ್ಣುಮಕ್ಕಳಿಲ್ಲ. ಪಂಗಾಳಿ ಮಗಳು ಇದ್ದಾಳಲ್ಲ, ಈ ನಂಟು ಕುದುರಿಸಿದವಳೂ ಅವಳೇ ಅಂತ ಹಿರಿಯರು ಅಕ್ಕನನ್ನು ಕರೆದರು. ನಾನೂ ಅವಳೇ ಆಗಬೇಕು ಅಂತ ಹಟ ಮಾಡಿದ್ದೆ. ಅವಳು ಬಂದು ನನ್ನ ಹಿಂದೆ ನಿಂತಳು. ಬೆರಳು ತಣ್ಣಗಿದ್ದವು. ಗಂಟು ಬಿಗಿಯುವಾಗ ನನ್ನ ಕತ್ತಿನ ಕೂದಲು ಎರಡೆಳೆ ದಾರಕ್ಕೆ ಸಿಕ್ಕಿ ಚುರುಕ್ಕೆಂದಿತು. ವಾದ್ಯದ ಸದ್ದಿನಲ್ಲಿ ತಿರುಗದೆ ಕೇಳಿದೆ, "ಆಯ್ತಾ ಅಕ್ಕ?" ಅವಳು ಕಿವಿಯ ಹತ್ತಿರ ಬಗ್ಗಿ "ಆಯ್ತು" ಅಂದಳು.

ಮದುವೆಯಾದ ಮೇಲೆ ಅವಳು ಚೆನ್ನೈ ಬಿಟ್ಟು ಕೊಡೈಕಾನಲ್‌ಗೆ ಹೋದಳು. ಅಲ್ಲಿನ ಒಂದು ಶಾಲೆಯ ಹಾಸ್ಟೆಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ತಂಗಿಯರಿಬ್ಬರಿಗೂ ಮದುವೆಯಾಯಿತು, ಅವಳಿಗೆ ಆಗಲಿಲ್ಲ. ಫೋನಿನಲ್ಲಿ ನನ್ನ ಜೊತೆ ಮಾತಾಡುವಳು, ಇವರಿಗೆ ಕೊಡಲಾ ಅಂದರೆ ಮಕ್ಕಳು ಕರೀತಾರೆ ಅನ್ನುವಳು. ನಾಲ್ಕು ವರ್ಷ ಹೀಗೇ ನಡೆಯಿತು. ಇವರು ಬೋಡಿನಾಯಕನೂರಿನಲ್ಲಿ ಮಾವನ ಏಲಕ್ಕಿ ವ್ಯಾಪಾರಕ್ಕೆ ಸೇರಿ ನಾವು ತೇನಿಗೆ ಬಂದೆವು, ಮಗಳು ಹುಟ್ಟಿದಳು. ನನ್ನ ಅಣ್ಣನಿಗೆ ಹೆಣ್ಣು ಹುಡುಕುತ್ತಿದ್ದಾಗ ನನಗೆ ಇನ್ನೊಂದು ಜಾಣತನ ಹೊಳೆಯಿತು. ಅಕ್ಕನನ್ನೇ ಯಾಕೆ ತರಬಾರದು? ಮುರೆ ಸರಿಯಿದೆ.

"ನೀವೇ ಕೇಳಿ, ಅಣ್ಣ ಅಲ್ವಾ ನೀವು" ಅಂತ ಇವರ ಬೆನ್ನು ಹತ್ತಿದೆ. ಒಂದು ವಾರ ಬೇರೆ ಮಾತು ತೆಗೆದು ತಪ್ಪಿಸಿಕೊಂಡರು. ಕೊನೆಗೊಂದು ಮಧ್ಯಾಹ್ನ, ಊಟದ ತಟ್ಟೆಯ ಮುಂದೆ, "ನಾ ಅವಳನ್ನ ಅದನ್ನ ಕೇಳಕ್ಕಾಗಲ್ಲ" ಅಂದರು. ಯಾಕೆ ಅಂದೆ. ಆಗ ಹೇಳಿದರು, ಅನ್ನ ಕಲಸುತ್ತಲೇ. ಚೆನ್ನೈನಲ್ಲಿ ಐದು ವರ್ಷ ಪ್ರೀತಿಸಿದ್ದರಂತೆ. ಪಂಗಾಳಿ ಪಂಗಾಳಿಯನ್ನು ಕಟ್ಟಿಕೊಂಡು ಓಡಿದರೆ ಅವಳ ಕೆಳಗಿನ ಇಬ್ಬರು ತಂಗಿಯರ ಬಾಗಿಲಿಗೆ ಯಾರು ಬರುತ್ತಾರೆ? ಬೇಡ ಅಂದವಳು ಅವಳೇ ಅಂತೆ. ನಾನು ಕೇಳಿದ್ದನ್ನು ಹೇಳಿ, ಒಪ್ಪಿಕೋ ಅಂದವಳೂ ಅವಳೇ. "ಅಷ್ಟೇ. ಮುಗೀತು" ಅಂದರು. ಅನ್ನ ತಟ್ಟೆಯಲ್ಲೇ ಇತ್ತು.

ನನಗೆ ಕೋಪ ಬಂದದ್ದು ಇವರ ಮೇಲಲ್ಲ, ಯಾಕೋ ಗೊತ್ತಿಲ್ಲ, ಅವಳ ಮೇಲೆ. ಮಗಳನ್ನು ಅವ್ವನ ಹತ್ತಿರ ಬಿಟ್ಟು ಮರುದಿನವೇ ಕೊಡೈಕಾನಲ್ ಬಸ್ಸು ಹತ್ತಿದೆ. ಅಕ್ಕ ಶಾಲು ಸುತ್ತಿಕೊಂಡು ಶಾಲೆಯ ಗೇಟಿನ ಹತ್ತಿರ ಬಂದಳು. ಕೂರಿಸಿ ಟೀ ಕೊಟ್ಟಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು.

"ಯಾಕೆ ಸೊಲ್ಲಲಿಲ್ಲ?" ಅಂದೆ.

"ನೀ ಕೇಳ್ದಾಗ ನಿನ್ನ ಮೊಗದಾಗ ಅಷ್ಟು ಸಂತೋಸ ಇತ್ತು ಪುಳ್ಳೆ. ನನಗೆ ಎಂಗೂ ಸಿಕ್ಕಾಕಿಲ್ಲ. ನಿನಗಾದ್ರೂ ಸಿಕ್ಕಲಿ ಅಂತ…"

"ನಾನೇನ್ ಕುಪ್ಪೆತೊಟ್ಟಿನಾ, ನಿನಗೆ ಬ್ಯಾಡಾದ್ದ ತಂದು ಆಕಾಕೆ?"

ಆಡಬಾರದಿತ್ತು. ಆಡಿದೆ. ಕಸದ ತೊಟ್ಟಿ ಅನ್ನುವ ಮಾತು ನನ್ನ ಬಾಯಿಂದ ಬಂತು. ಅವಳು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಣ್ಣೀರು ಹಾಕಲಿಲ್ಲ, ಸಿಟ್ಟೂ ಮಾಡಲಿಲ್ಲ. ತುಂಬಾ ದಣಿದವಳ ಹಾಗೆ ಕೇಳಿದಳು.

"ಬ್ಯಾಡಾದ್ದು ಅಂತ ನಿನಗೆ ಯಾರು ಸೊಲ್ಲಿದ್ದು?"

ಇನ್ನು ಮೇಲೆ ಫೋನ್ ಮಾಡಬೇಡ ಅಂತ ಹೇಳಿ ಎದ್ದು ಬಂದೆ. ಅವಳು ಗೇಟಿನವರೆಗೆ ಬಂದು "ನೋಡ್ಕಂಡು ವೋಗು, ಮದಿನಿ" ಅಂದಳು. ಮೊದಲ ಸಲ ಹಾಗೆ ಕರೆದಳು. ಮುರೆಗೆ ಸರಿಯಾದ ಮಾತೇ. ಬಸ್ಸು ಇಳಿಜಾರಿನ ತಿರುವುಗಳನ್ನೆಲ್ಲ ದಾಟಿ ಕೆಳಗೆ ಬರುವಷ್ಟು ಹೊತ್ತೂ ಆ ಮಾತು ಕಿವಿಯಲ್ಲಿತ್ತು. ಹೇಳಿದ ಹಾಗೆಯೇ ಅವಳು ಮತ್ತೆ ಫೋನ್ ಮಾಡಲಿಲ್ಲ. ನಾಲ್ಕು ವರ್ಷ, ನಾನೂ ಮಾಡಲಿಲ್ಲ. ಇವತ್ತು ಮಾಡೋಣ, ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ… ಹೀಗೇ.

ಮೂರು ವರ್ಷದ ಹಿಂದೆ ಅವಳು ಹೋದಳು. ಹೊಟ್ಟೆಯಲ್ಲಿ ಏನೋ ಗಡ್ಡೆ ಅಂದರು, ಯಾರಿಗೂ ಹೇಳಿರಲಿಲ್ಲ. ನಮ್ಮಲ್ಲಿ ಹೆಣ್ಣು ಸತ್ತರೆ ಅಣ್ಣತಮ್ಮಂದಿರ ಕಡೆಯಿಂದ ಹೊಸ ಸೀರೆ ಹೋಗಬೇಕು, ಕೋಡಿ ಸೀರೆ ಅನ್ನುತ್ತೇವೆ. ಅವಳ ಮನೆಯಲ್ಲಿ ಗಂಡುಮಕ್ಕಳಿಲ್ಲ. ಹಿರಿಯರೊಬ್ಬರು ಫೋನ್ ಮಾಡಿ ಇವರಿಗೆ ಹೇಳಿದರು, ನಿನ್ನ ಮದುವೆಗೆ ಗಂಟು ಹಾಕಿದ ತಂಗಿ, ಕೋಡಿ ನೀನೇ ತರಬೇಕು.

ತೇನಿಯ ಅಂಗಡಿಗೆ ಇಬ್ಬರೂ ಹೋದೆವು. ಇವರು ಗಾಡಿಯ ಹತ್ತಿರ ನಿಂತುಬಿಟ್ಟರು, ನಾನು ಒಳಗೆ ಹೋದೆ. ಅಂಗಡಿಯವನು ಒಂದರ ಮೇಲೊಂದು ಹರವಿದ. ಒಂದೇ ಕೋಣೆಯಲ್ಲಿದ್ದವಳಿಗೆ ಯಾವ ಬಣ್ಣ ಇಷ್ಟ ಅಂತ ನನಗೆ ನೆನಪಾಗಲಿಲ್ಲ. ಹೊರಗೆ ಬಂದು ಇವರನ್ನು ಕೇಳಿದೆ. ನನಗೇನು ಗೊತ್ತು ಅನ್ನಬಹುದಿತ್ತು. ಅನ್ನಲಿಲ್ಲ. "ಕಡು ನೇರಳೆ" ಅಂದರು, ರಸ್ತೆ ನೋಡುತ್ತಾ. "ಸಣ್ಣ ಅಂಚು ಇರಲಿ. ಕುಳ್ಳಿ ಅಲ್ವಾ, ದೊಡ್ಡಂಚು ಒಪ್ಪಲ್ಲ ಅವಳಿಗೆ." ಇವರು ಅವಳಿಗೆ ಬೇರೆ ಸೀರೆ ಯಾವತ್ತಾದರೂ ಕೊಡಿಸಿದ್ದರೋ, ಕೇಳಲಿಲ್ಲ. ಊರಿನವರ ಮುಂದೆ ಕೊಟ್ಟದ್ದು ಅದೊಂದೇ. ಹನುಮಂತನಪಟ್ಟಿಯ ಆ ಅಂಗಳದಲ್ಲಿ ಸೀರೆಯ ಮಡಿಕೆ ಬಿಚ್ಚಲು ಇವರ ಕೈಯಲ್ಲಿ ಆಗಲಿಲ್ಲ. ನಾನೇ ಬಿಚ್ಚಿ ಹೊದಿಸಿದೆ. ಕತ್ತಿನ ಹತ್ತಿರ ಸರಿ ಮಾಡುವಾಗ ಅಕ್ಕ ಅಂದೆನೋ ಮದಿನಿ ಅಂದೆನೋ, ನೆನಪಿಲ್ಲ…

ದ್ರಾಕ್ಷಿ ತೊಳೆದು ತಟ್ಟೆಯಲ್ಲಿ ಹಾಕಿ ಜಗುಲಿಗೆ ತಂದೆ. ಮಗಳು ಎರಡು ತಿಂದು, ಒಂದನ್ನು ಅವರಪ್ಪನ ಬಾಯಿಗೆ ಹಾಕಿದಳು. ಇವರು ಅದನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ನಾವು ಚೆನ್ನೈನಲ್ಲಿದ್ದಾಗ ಪೆಟ್ಟಿಗೆಗಟ್ಟಲೆ ತಿನ್ನುತ್ತಿದ್ದೆವು ಅಂದೆ. ಯಾರು ಕಳಿಸುತ್ತಿದ್ದರು ಅಂತ ಅವಳು ತಮಿಳಿನಲ್ಲೇ ಕೇಳಿದಳು, ನಮ್ಮ ಮಾತು ಅವಳಿಗೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ.

"ನಿಮ್ಮತ್ತೆ ಮನೆಯಿಂದ ಬತ್ತಿತ್ತು" ಅಂದೆ.

ಅಪ್ಪನಿಗೆ ತಂಗಿ ಇದ್ದಳಾ, ನನಗೆ ಗೊತ್ತೇ ಇಲ್ಲವಲ್ಲ ಅಂದಳು, ಇವರ ಮುಖ ನೋಡುತ್ತಾ. ಇವರು ದ್ರಾಕ್ಷಿಯ ಬೀಜವನ್ನು ಅಂಗೈಗೆ ತೆಗೆದುಕೊಂಡರು. ಇವರಿಗೆ ತಂಗಿ ಅನ್ನುವ ಮಾತು ಎಷ್ಟು ಭಾರ ಅಂತ ನನಗೆ ಗೊತ್ತು. ಐದು ವರ್ಷ ಇವರನ್ನು ಎಲ್ಲರೆದುರು ಅಣ್ಣ ಅನ್ನುತ್ತಾ ಅವಳೊಬ್ಬಳೇ ಹೊತ್ತಿದ್ದ ಮಾತು ಅದು.

"ಇದ್ಳು" ಅಂದೆ ನಾನೇ. "ಒಬ್ಬಳೇ ತಂಗಿ. ನನಗೆ ತಾಳಿಗಂಟು ಹಾಕಿದ್ದು ಅವಳೇ."