ಒಂದು ಹಿಡಿ ಹುಚ್ಚೆಳ್ಳು

ಹೋದ ವಾರ ಮಂಡ್ಯದ ಪೇಟೆಬೀದಿಯಲ್ಲಿ ಸಾರಿನ ಪುಡಿಯ ಪೊಟ್ಟಣವೊಂದನ್ನು ಕೊಂಡುತಂದೆ. ಮನೆಯಲ್ಲೇ ಹುರಿದು ಕುಟ್ಟಿಕೊಳ್ಳುವ ಚೈತನ್ಯ ಈಗಿಲ್ಲ, ಮೊಣಕಾಲು ಮಾತು ಕೇಳುವುದಿಲ್ಲ. ಕತ್ತರಿಯಿಂದ ಪೊಟ್ಟಣದ ತುದಿ ಕತ್ತರಿಸಿದೆ. ಮೊದಲು ಕೊತ್ತಂಬರಿ ಬೀಜ, ಮೆಣಸಿನಕಾಯಿಯ ಘಾಟು ಬಂತು. ಅದು ಎಲ್ಲ ಪುಡಿಯಲ್ಲೂ ಇರುವಂಥದ್ದೇ. ಅದರ ಹಿಂದಿನಿಂದ, ಸ್ವಲ್ಪ ತಡವಾಗಿ, ಹುರಿದ ಹುಚ್ಚೆಳ್ಳಿನ ಜಿಡ್ಡು ವಾಸನೆ... ಕತ್ತರಿ ಹಿಡಿದುಕೊಂಡೇ ಕುಳಿತುಬಿಟ್ಟೆ.

ಆ ಹುಚ್ಚೆಳ್ಳನ್ನು ಬರೆದುಕೊಟ್ಟವಳು ನಾನೇ.

ಮೂವತ್ತು ವರ್ಷದ ಹಿಂದೆ ಮದ್ದೂರಿನ ಶಾಲೆಗೆ ಟೀಚರಾಗಿ ಬಂದಾಗ ಒಂದು ಮುದ್ದೆ ಮೆಸ್ಸಿನ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೆಸ್ಸು ನಡೆಸುತ್ತಿದ್ದಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕಟ್ಟಡ ಮೈದುನನ ಹೆಸರಿನಲ್ಲಿತ್ತು, ಆತ ಕೆರಗೋಡಿನಲ್ಲಿ ಬೇಸಾಯ ಮಾಡಿಕೊಂಡಿದ್ದ. ಅಕ್ಕನದು ಅಂತ ಇದ್ದದ್ದು ಒಲೆ ಮುಂದಿನ ಒಂದು ಮಣೆ, ಮತ್ತೆ ಆಕೆಯ ಕೈ. ಆ ಕೈಯ ಬಸ್ಸಾರು ಉಣ್ಣಲು ತಾಲ್ಲೂಕು ಕಚೇರಿಯ ಜನ ಮನೆಯಿಂದ ತಂದ ಬುತ್ತಿಯನ್ನು ಬಿಚ್ಚದೆ ವಾಪಸು ಒಯ್ಯುತ್ತಿದ್ದರು. ಹೆಂಡತಿಯರು ಅಕ್ಕನಿಗೆ ಶಾಪ ಹಾಕಿರಲಿಕ್ಕೂ ಸಾಕು.

ಮೆಸ್ಸು ಹಿಡಿದ ಹದಿನೆಂಟು ವರ್ಷದಲ್ಲಿ ಆಕೆ ಒಂದು ದಿನವೂ ಊರು ಬಿಟ್ಟಿರಲಿಲ್ಲ. ಒಂದು ಬೇಸಗೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ರಾಮೇಶ್ವರ, ಕನ್ಯಾಕುಮಾರಿಗೆ ಹೊರಟರು. ಹನ್ನೆರಡು ದಿನ. "ಸಮುದ್ರ ಅನ್ನೋದ ಒಂದ್ಸಲ ನೋಡ್ಬುಡ್ತೀನಿ ಕಣಮ್ಮ," ಎಂದರು ಅಕ್ಕ. ಮೆಸ್ಸು ಮುಚ್ಚಿ ಹೋಗಿ ಎಂದೆ. ಕೇಳಲಿಲ್ಲ. ಮುಚ್ಚಿದ ಬಾಗಿಲು ಕಂಡ ಗಿರಾಕಿ ಇನ್ನೊಂದು ಬಾಗಿಲು ಹುಡುಕಿಕೊಳ್ಳುತ್ತಾನೆ ಎಂಬುದು ಆಕೆಯ ಹೆದರಿಕೆ.

ಹಾಗಾಗಿ ಮೈದುನ ಮತ್ತು ಅವನ ಹೆಂಡತಿ ಬಂದು ನೋಡಿಕೊಳ್ಳುವುದೆಂದು ಆಯಿತು. ಇಪ್ಪತ್ತು ದಿನ ಮುಂಚೆಯೇ ಅಕ್ಕ ತಯಾರಿಗೆ ಇಳಿದರು. ಸೊಪ್ಪಿನವಳಿಗೆ, ಹಾಲಿನವನಿಗೆ, ರಾಗಿ ಮಿಲ್ಲಿನವನಿಗೆ ಹೇಳಿದ್ದಾಯಿತು. ವಾರಗಿತ್ತಿಯನ್ನು ಕೂರಿಸಿಕೊಂಡು ಗಂಟಿಲ್ಲದ ಹಾಗೆ ಮುದ್ದೆ ತಿರುವುವುದನ್ನು ಕಲಿಸಿದರು. ಬ್ಯಾಂಕಿನ ವಾಚ್‌ಮನ್ನಿಗೆ ಅರ್ಧ ಮುದ್ದೆ ಸಾಕು, ಆದರೆ ಅರ್ಧ ಅಂತ ಬಾಯಿಬಿಟ್ಟು ಹೇಳಬಾರದು, ಅವನಿಗೆ ಅವಮಾನವಾಗುತ್ತದೆ. ಸರ್ವೇ ಇಲಾಖೆಯ ಮುದುಕರಿಗೆ ಹಲ್ಲಿಲ್ಲ, ಕಾಳು ಹಿಸುಕಿ ಬಡಿಸಬೇಕು. ಇಂಥವೆಲ್ಲ ಆಕೆಯ ತಲೆಯಲ್ಲಿದ್ದವು. ಓದು ಬರಹ ಬಾರದ ಹೆಂಗಸು. ಬರೆದುಕೊಳ್ಳಲು ನಾನು ಕೂತೆ.

ಕಷ್ಟವಾದದ್ದು ಪುಡಿ. ಅಕ್ಕನಿಗೆ ಸೇರು, ಪಾವು ಎಂಬ ಲೆಕ್ಕವೇ ಇರಲಿಲ್ಲ, ಎಲ್ಲವೂ ಹಿಡಿಯ ಅಳತೆ. ಆಕೆ ಮುಷ್ಟಿ ತುಂಬ ತೆಗೆದು ಲೋಟಕ್ಕೆ ಸುರಿಯುವುದು, ನಾನು ಅದನ್ನು ಚಮಚದಲ್ಲಿ ಅಳೆದು ಬರೆಯುವುದು. ಮೂರು ಸಂಜೆ ಹೀಗೇ ಕಳೆದೆವು. ಆಕೆಯ ಕೈಯನ್ನು ಕಾಗದಕ್ಕೆ ಇಳಿಸುತ್ತಿದ್ದೇನೆ ಎಂದು ನನಗೆ ಒಳಗೊಳಗೇ ಜಂಬ. ಮೂರನೆಯ ಸಂಜೆ ಎಲ್ಲ ಮುಗಿಯಿತು ಎಂದುಕೊಂಡಾಗ ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಕೊನೇಲಿ ಒಂದಿಡಿ ಉಚ್ಚೆಳ್ಳು ಉರ್ದು ಆಕ್ತೀನಿ," ಎಂದರು. "ಅದ್ನೂ ಬರೀಬೇಕಾ ಟೀಚರಮ್ಮ?"

ಯಾಕೆ ಹಾಗೆ ಕೇಳಿದರು ಎಂದು ನಾನು ಒಂದು ಗಳಿಗೆಯಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. "ಬರೀದೆ ಹೋದ್ರೆ ರುಚಿ ಕೆಟ್ಟು, ನೀವು ಬರೋ ಹೊತ್ಗೆ ಗಿರಾಕಿ ಎಲ್ಲ ಹೋಗಿರ್ತಾರಕ್ಕ," ಎಂದೆ. ಬರೆದೆ. ಮಕ್ಕಳ ಪುಸ್ತಕ ತಿದ್ದುವ ಕೆಂಪು ಪೆನ್ನಿನಲ್ಲಿ ಅಡಿಗೆರೆಯನ್ನೂ ಎಳೆದೆ.

ಅಕ್ಕ ಸಮುದ್ರ ನೋಡಲು ಹೋದರು. ಮೆಸ್ಸು ಎಣ್ಣೆ ಹಾಕಿದ ಗಾಡಿಯಂತೆ ನಡೆಯಿತು. ವಾಚ್‌ಮನ್ನಿಗೆ ಅರ್ಧ ಮುದ್ದೆ ಕೇಳದೆಯೇ ಬಂತು, ಮುದುಕರಿಗೆ ಕಾಳು ಹಿಸುಕಿ ಬಡಿಸಿದರು. "ಅಕ್ಕ ಇಲ್ಲೇ ಅವ್ಳೆ ಅಂದಂಗದೆ ಕಣ್ಲಾ," ಎಂದು ಪಕ್ಕದವನಿಗೆ ಹೇಳಿ ಒಬ್ಬಾತ ಬೆರಳು ಚೀಪಿದ. ನನಗೆ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಷ್ಟು ಖುಷಿ.

ಹದಿಮೂರನೆಯ ದಿನ ಮಧ್ಯಾಹ್ನ ಅಕ್ಕ ಬಂದಿಳಿದರು. ಮುಖ ಕಪ್ಪಾಗಿತ್ತು, ಕೈಚೀಲದ ತುಂಬ ಕಪ್ಪೆಚಿಪ್ಪು. ಕೈಕಾಲು ತೊಳೆದು ನೇರ ಒಲೆಯ ಬಳಿ ಹೋದರು. ಮಣೆಯ ಮೇಲೆ ವಾರಗಿತ್ತಿ ಕೂತಿದ್ದಳು. ಏಳಲಿಲ್ಲ. ಮೈದುನ ನಗುತ್ತಲೇ ಹೇಳಿದ: "ಈ ಬಿಸ್ಲಲ್ಲಿ ಒಲೆ ಮುಂದ್ಯಾಕೆ ಅತ್ಗೆ, ನೀವ್ ಕುಂತ್ಕಳಿ. ಎಲ್ಲಾ ನಡೀತಾ ಅದೆ. ದುಡಿದಿದ್ದು ಸಾಕು ಬುಡಿ." ಗಿರಾಕಿಗಳ ಸಾಲಿನಲ್ಲಿ ಎಲೆ ಹಾಕಿ ಆಕೆಗೆ ಬಡಿಸಿದರು. ಅಕ್ಕ ಸಾರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಬೆರಳನ್ನು ಎಲೆಯ ಅಂಚಿಗೆ ಒರೆಸಿದರು. "ಸರಿಯಾಗದೆ," ಎಂದರು.

ಬಯ್ಯಲಿಲ್ಲ, ಜಗಳವಾಡಲಿಲ್ಲ. ಜಗಳಕ್ಕೆ ಹಿಡಿಯೇ ಸಿಗಲಿಲ್ಲ ಎನ್ನಬೇಕು. ಮೈದುನ, ವಾರಗಿತ್ತಿ ಆಡಿದ ಮಾತೆಲ್ಲ ಬೆಣ್ಣೆಯಂಥದ್ದು. ತಿಂಗಳೊಪ್ಪತ್ತು ಅಕ್ಕ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಆಮೇಲೆ, ಕೆರಗೋಡಿನ ಮನೆಗೆ ಜನವಿಲ್ಲ, ದೀಪ ಹಚ್ಚಲಾದರೂ ಯಾರಾದರೂ ಬೇಕಲ್ಲ ಎಂದು ಆಕೆಯನ್ನು ಅಲ್ಲಿಗೆ ಕಳಿಸಿದರು.

ಹೊರಡುವ ಬೆಳಿಗ್ಗೆ ನನ್ನ ಕೋಣೆಗೆ ಬಂದು ಒಂದು ಕಪ್ಪೆಚಿಪ್ಪು ಕೊಟ್ಟರು. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಎಲ್ಲಾನೂ ಬರ್ದ್‌ಬುಟ್ರಾ ಟೀಚರಮ್ಮ? ಒಂದಾದ್ರೂ ಮರೀಬಾರ್ದಾಗಿತ್ತಾ ನೀವು?"

ಕೋಪದಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆಕೆ ಮೆಟ್ಟಿಲಿಳಿದು ಹೋಗಿ ಕೆರಗೋಡಿನ ಬಸ್ಸು ಹತ್ತಿದರು.

ಮರುವರ್ಷ ನನಗೆ ಮಳವಳ್ಳಿಗೆ ವರ್ಗವಾಯಿತು. ಒಂದು ಸಲ ಕೆರಗೋಡಿಗೆ ಹೋಗಿದ್ದೆ. ಅಕ್ಕ ಉಣ್ಣಲು ಕೂರಿಸಿದರು. ಸಾರಿನಲ್ಲಿ ಹುಚ್ಚೆಳ್ಳು ಇರಲಿಲ್ಲ. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಥಿಯೆಲ್ಲ ಮುಗಿದ ಮೇಲೆ... ಈ ಮೂವತ್ತು ವರ್ಷದಲ್ಲಿ ನಾನು ಮಕ್ಕಳಿಗೆ ಏನೇನೋ ಬರೆಸಿದ್ದೇನೆ, ತಪ್ಪಿಗೆ ಕಿವಿ ಹಿಂಡಿದ್ದೇನೆ. ಒಂದು ತಪ್ಪು ಯಾರದಾದರೂ ಬದುಕು ಉಳಿಸಬಹುದಿತ್ತು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಪೊಟ್ಟಣವನ್ನು ತಿರುಗಿಸಿ ನೋಡಿದೆ. ಮದ್ದೂರಿನ ಅದೇ ಬೀದಿ, ಮೈದುನನ ಮಗನ ಹೆಸರು. ಮುಂದುಗಡೆ ಸೆರಗು ಹೊದ್ದು ನಗುವ ಯಾರೋ ಹೆಂಗಸಿನ ಚಿತ್ರ. ಅಕ್ಕನದಲ್ಲ. ಹಿಂದುಗಡೆ ಸಾಮಾನಿನ ಪಟ್ಟಿ, ನಾನು ಬರೆದ ಕ್ರಮದಲ್ಲೇ ಇದೆ. ಕೊನೆಯಲ್ಲಿ ಹುಚ್ಚೆಳ್ಳು.

ಆ ಸಂಜೆ ಸಾರು ಕಾಯಿಸಿ ಒಬ್ಬಳೇ ಉಂಡೆ. ಎಲ್ಲಾದರೂ ಒಂದು ಕೊರತೆ ಸಿಕ್ಕೀತೇ ಎಂದು ತುತ್ತುತುತ್ತಿಗೂ ಹುಡುಕಿದೆ. ಏನೂ ಇರಲಿಲ್ಲ. ಅಷ್ಟು ಚೆನ್ನಾಗಿ ಬರೆದುಕೊಟ್ಟಿದ್ದೆ.