ಮುಂದೆ ನಡೆಯುವವರ ಬೆನ್ನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಟ್ಟುತ್ತಿರುವ ಮನೆಯ ಇಕ್ಕಟ್ಟಾದ ಮೆಟ್ಟಿಲಲ್ಲಿ ಆಳೆತ್ತರದ ಗಾಜೊಂದು ಮೇಲೇರುತ್ತಿದೆ. ಅದರ ಮುಂದಿನ ಅಂಚು ಅತ್ತಿಗೆಯ ಕೈಯಲ್ಲಿ, ಹಿಂದಿನದು ನಾದಿನಿಯ ಕೈಯಲ್ಲಿ. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಕಂಬಿ ಹಾಕಿಲ್ಲದ ಬಯಲು. ಯಂತ್ರ ನುಗ್ಗದ ಓಣಿ, ಮೆಟ್ಟಿಲುಗಳಿಗೆಲ್ಲ ಗಾಜಿನಂಗಡಿಯವರು ಕಳಿಸುವುದು ಈ ಇಬ್ಬರನ್ನೇ.

ಹಿಂದಿರುವವರು ಮೆಟ್ಟಿಲು ನೋಡುವುದಿಲ್ಲ, ಮುಂದಿನವರ ಬೆನ್ನು ನೋಡುತ್ತಾರೆ. ಆ ಭುಜ ವಾಲಿದರೆ ಈ ಭುಜವೂ ವಾಲುತ್ತದೆ. ಕಣ್ಣು ಕಂಡ ಚಲನೆಯನ್ನು ಮೈ ಹೇಳದೆ ಕೇಳದೆ ಅನುಕರಿಸತೊಡಗುತ್ತದೆ. ಬೇಡವೆಂದು ತಡೆಯುವಷ್ಟರಲ್ಲಿ ಕೈ ಅರ್ಧ ದಾರಿ ಹೋಗಿರುತ್ತದೆ.

"ಮದುವೆಯಾಗಿ ಬಂದ ಹೊಸದ್ರಲ್ಲಿ ಮಾವ ಹೇಳ್ಕೊಟ್ಟಿದ್ದು ಒಂದೇ ಪಾಠ," ಎನ್ನುತ್ತಾರೆ ಅತ್ತಿಗೆ. "ಮುಂದೆ ಹೋಗೋರಿಗೆ ಮೂಗು ಕೆರ್ಕೊಳ್ಳೋಕೂ ಹಕ್ಕಿಲ್ಲ."

ಹೋದ ತಿಂಗಳು ಒಂದು ಕ್ಷಣ ಆ ಪಾಠ ಮರೆತುಹೋಯಿತು. ಮುಖಕ್ಕೆ ಜೇಡರ ಬಲೆ ತಗುಲಿ ಅತ್ತಿಗೆ ತಟ್ಟನೆ ಬಗ್ಗಿದರು. ಹಿಂದೆ ಬಲೆಯೂ ಇರಲಿಲ್ಲ, ಏನೂ ಇರಲಿಲ್ಲ. ಆದರೂ ನಾದಿನಿ ಬಗ್ಗಿದರು. ಗಾಜಿನ ಮೂಲೆ ನೆಲಕ್ಕೆ ಬಡಿದು ಒಡೆಯಿತು, ನಾದಿನಿಯ ಮುಂಗೈ ಸೀಳಿತು. ಹೊಲಿಗೆ ಬಿಚ್ಚಿದ ಮೇಲೆ ಇವತ್ತೇ ಮೊದಲ ಗಾಜು.

ನಡುಮೆಟ್ಟಿಲಲ್ಲಿ ಗಾಜು ನಿಂತುಬಿಡುತ್ತದೆ. ಸಣ್ಣ ನಡುಕವೊಂದು ಅಂಚಿನಗುಂಟ ಬಂದು ಅತ್ತಿಗೆಯ ಬೆರಳು ಮುಟ್ಟುತ್ತದೆ.

"ಅತ್ತಿಗೆ, ನನ್ ಕಾಲು ಏಳ್ತಿಲ್ಲ."

"ಏಳದಿದ್ರೆ ಬಿಡು, ಇಲ್ಲೇ ಸಂಸಾರ ಹೂಡೋಣ. ನಿಮ್ಮಣ್ಣನಿಗೆ ಬೇಯಿಸಿ ಹಾಕೋದಾದ್ರೂ ತಪ್ಪುತ್ತೆ."

ಹಿಂದಿನಿಂದ ನಗು ಕೇಳಿಸುವುದಿಲ್ಲ. ತಿರುಗಿ ನೋಡುವಂತಿಲ್ಲ, ತಾವು ತಿರುಗಿದರೆ ನಾದಿನಿಯ ಮೈಯೂ ತಿರುಗೀತು. ಅತ್ತಿಗೆಯ ಎದೆಯೂ ಡವಡವ ಎನ್ನುತ್ತಿದೆ, ಆದರೆ ಅದು ಬೆನ್ನಿನಲ್ಲಿ ಕಾಣಬಾರದು. ಉದ್ದಕ್ಕೆ ಉಸಿರು ಬಿಟ್ಟು ಭುಜ ಇಳಿಸುತ್ತಾರೆ. ಬಲಗಾಲಿನ ಹಿಮ್ಮಡಿಯನ್ನು ತುಸು ಎತ್ತುತ್ತಾರೆ, ಇಳಿಸುತ್ತಾರೆ. ಮತ್ತೆ ಎತ್ತುತ್ತಾರೆ, ಇಳಿಸುತ್ತಾರೆ. ಬೆರಳಿನಡಿಯ ನಡುಕ ತಗ್ಗುತ್ತದೆ. ಈ ಸಲ ಎತ್ತಿದ ಕಾಲನ್ನು ಮೇಲಿನ ಮೆಟ್ಟಿಲಿಗೇ ಇಡುತ್ತಾರೆ.

ಹಿಂದೆಯೂ ಒಂದು ಹೆಜ್ಜೆಯ ಸದ್ದು.

ಗಾಜನ್ನು ಕಿಟಕಿಯ ಪಕ್ಕ ಒರಗಿಸಿದ ಮೇಲೆ ನಾದಿನಿ ಬೆವರು ಒರೆಸಿಕೊಳ್ಳುತ್ತಾರೆ. "ನಿಮಗೆ ಭಯಾನೇ ಆಗಲ್ವಾ, ಅತ್ತಿಗೆ?"

"ಆಗದೆ ಏನು! ನಿಂಗಾದ್ರೆ ನೋಡೋಕೆ ನನ್ ಬೆನ್ನಿದೆ. ನನ್ನ ಮುಂದೆ ಬರೀ ಗೋಡೆ ಕಣೇ." ಅತ್ತಿಗೆ ಕೈಗವಸು ಕಳಚುತ್ತಾರೆ. "ಕೈ ಪೂರ್ತಿ ವಾಸಿಯಾಗ್ಲಿ, ಒಂದಿನ ನೀನು ಮುಂದೆ ನಡಿ. ನಂಗೂ ಒಂದ್ಸಲ ಯಾರದಾದ್ರೂ ಬೆನ್ನು ನಂಬ್ಕೊಂಡು ಮೆಟ್ಟಿಲು ಹತ್ಬೇಕು ಅಂತಿದೆ."