ಹೊಗೆಯಣ್ಣನ ರಕ್ತಪರೀಕ್ಷೆ

ಸೊಳ್ಳೆಗೆ ಹೊಗೆ ಬಿಡುವ ಯಂತ್ರವನ್ನು ಹನ್ನೊಂದು ವರ್ಷ ಹೊತ್ತವನಿಗೆ ಬೀದಿಯವರು ಹೊಗೆಯಣ್ಣ ಎಂದೇ ಹೆಸರಿಟ್ಟುಬಿಟ್ಟಿದ್ದರು. ಅವನು ಬಂದನೆಂದರೆ ಜನ ಬಾಗಿಲು ಮುಚ್ಚುವುದಿರಲಿ, ಹಾರುಹೊಡೆದು ತೆರೆಯುತ್ತಿದ್ದರು, ಒಳಗೂ ಒಂದಿಷ್ಟು ಬಿಡಣ್ಣ ಎಂದು. ಅವನೂ ಧಾರಾಳಿ. ಕಚೇರಿ ಕೊಟ್ಟ ಮಾಸ್ಕು ಮಾತ್ರ ಮೂಗಿಗೇರದೆ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಮರುದಿನ ನೋಡಿದರೆ ಪಾರ್ಕಿನ ಬೇಲಿಯ ಬುಡದಲ್ಲಿ ಜೇನುಹುಳ, ಚಿಟ್ಟೆ ಉದುರಿರುತ್ತಿದ್ದವು, ಒಮ್ಮೊಮ್ಮೆ ಅವನ್ನು ಹೆಕ್ಕಿ ತಿಂದ ಗುಬ್ಬಿಯೂ. ಸೊಳ್ಳೆಗಳು ಮಾತ್ರ ಸಂಜೆಗೆ ಠಾಕುಠೀಕಾಗಿ ಹಾಜರು! ಹೊಗೆಯಣ್ಣನಿಗೆ ಕಸಿವಿಸಿಯಾಗುತ್ತಿತ್ತು, ಆಗುತ್ತಿರಲಿಲ್ಲ ಎಂದರೆ ಸುಳ್ಳು. ಆದರೇನು, ಅನ್ನ ಕೊಡುವ ಕೆಲಸ.

ಈ ವರ್ಷ ಕಚೇರಿಗೆ ಹೊಸ ಡಾಕ್ಟರಮ್ಮ ಬಂದರು. ಸೊಳ್ಳೆ ಔಷಧಿ ಮುಟ್ಟುವವರೆಲ್ಲರ ರಕ್ತ ಪರೀಕ್ಷೆಯಾಗಬೇಕು, ವಿಷದ ಗುರುತು ಕಂಡವರು ಯಂತ್ರ ಕೆಳಗಿಡಬೇಕು ಎಂದರು. ಹೊಗೆಯಣ್ಣ ಕಾಯಂ ನೌಕರನಲ್ಲ. ಯಂತ್ರ ಇಳಿಸಿದರೆ ನೇರ ಮನೆಗೆ.

ರಕ್ತ ತೆಗೆಯುವ ಕೆಲಸ ಅವನ ಬಾಮೈದನದೇ ಆಗಿತ್ತು. ಅವನನ್ನು ಮನೆಗೆ ಕರೆಸಿದ.

"ನನ್ನ ಹೆಸರಿನ ಸೀಸೆಗೆ ನಿಮ್ಮಕ್ಕನ ರಕ್ತ ತುಂಬು ಕಣೋ."

"ಭಾವ, ತಲೆ ಕೆಟ್ಟಿದೆಯಾ? ಸಿಕ್ಕಿಬಿದ್ರೆ ನನ್ನ ಕೆಲಸಾನೂ ಹೋಗುತ್ತೆ."

"ಯಾರಿಗೆ ಗೊತ್ತಾಗುತ್ತೆ? ಇವಳು ಆ ಯಂತ್ರದ ಹತ್ರ ಸುಳಿದವಳೂ ಅಲ್ಲ. ಇವಳ ರಕ್ತ ಅಂದ್ರೆ ಅಪ್ಪಟ ಚಿನ್ನ."

ಹೆಂಡತಿ ಬೈಯುತ್ತಲೇ ತೋಳು ಚಾಚಿದಳು. "ಇಷ್ಟು ವರ್ಷ ನನ್ನ ರಕ್ತ ಹೀರಿದ್ದು ಸಾಲದಾ ನಿಮಗೆ?" ಮೂವರೂ ನಕ್ಕರು.

ಐದನೆಯ ದಿನ ಬೆಳಿಗ್ಗೆ ಕಚೇರಿಗೆ ಕರೆ ಬಂತು. ಡಾಕ್ಟರಮ್ಮ ಕಾಗದದಿಂದ ತಲೆ ಎತ್ತಲಿಲ್ಲ.

"ಇವತ್ತಿಂದ ಯಂತ್ರ ಮುಟ್ಟಬೇಡಿ. ಔಷಧಿ ನಿಮ್ಮ ರಕ್ತ ಸೇರಿದೆ. ಕಣ್ಣಲ್ಲಿ ನೀರು ಬರುತ್ತಾ? ಕೈ ನಡುಗುತ್ತಾ?"

ನನಗೆಲ್ಲಿ ಎನ್ನಲು ಬಾಯಿ ತೆರೆದವನಿಗೆ ಹೆಂಡತಿ ನೆನಪಾದಳು. ಬೆಳಿಗ್ಗೆ ಹೆಂಡತಿ ಸೂಜಿಗೆ ದಾರ ಪೋಣಿಸಲಾಗದೆ ಅವನ ಕೈಗೇ ಕೊಟ್ಟಿದ್ದಳು. ಮುದುಕಿ ಆದೆ ಬಿಡು ಎಂದು ಅವನು ಛೇಡಿಸಿದ್ದ. ಈಗ ನಿಜ ಹೇಳಿದರೆ ಎರಡು ಮನೆಯ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಅವಳ ಗತಿ? ಅವನಿಗೆ ನಿಜಕ್ಕೂ ಭಯವಾಯಿತು.

"ಡಾಕ್ಟ್ರಮ್ಮ, ಅದು ನನ್ನ ರಕ್ತ ಅಲ್ಲ. ನನ್ನ ಹೆಂಡ್ತೀದು. ಅವಳು ಔಷಧಿ ಮುಟ್ಟೋದೇ ಇಲ್ವಲ್ಲಾ!"

ಡಾಕ್ಟರಮ್ಮ ಬೈಯಲಿಲ್ಲ. ಅವನನ್ನೇ ನೋಡುತ್ತ ಕೇಳಿದರು, "ನಿಮ್ಮ ಬಟ್ಟೆ ಯಾರು ಒಗೀತಾರೆ?"

ಹೊಗೆಯಣ್ಣ ಚಪ್ಪಲಿಯನ್ನೂ ಮೆಟ್ಟದೆ ಮನೆಯ ಕಡೆಗೆ ಓಡಿದ. ನಿನ್ನೆಯ ಸಮವಸ್ತ್ರ ಬಕೆಟ್ಟಿನಲ್ಲಿ ನೆನೆಯುತ್ತಿತ್ತು, ಅವಳು ಒಗೆಯಲು ಕೂರುವ ಹೊತ್ತಾಗಿತ್ತು.